ಅಜ್ಜಿಯ ಮೊಟ್ಟೆಗಳೂ ಅರವತ್ತು ವ್ಯಾಟಿನ ಬಲ್ಬೂ

ಆಗೆಲ್ಲ ನಮ್ಮೂರು ಕಣಕಟ್ಟೆಯಲ್ಲಿ ತೋಟಕ್ಕೆ ನೀರು ಹರಿಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ತೋಟದವರೆಗೆ ಹೋಗಬೇಕಾಗಿರಲಿಲ್ಲ. ನಡುಮನೆಯ ಬಲ್ಬು ನೋಡಿದರೆ ಸಾಕಿತ್ತು. ಬೆಳ್ಳಗೆ ಉರಿಯುತ್ತಿದ್ದರೆ ಮೋಟರುಗಳು ನಿಂತಿವೆ ಎಂದು ಅರ್ಥ. ಕೆಂಪಗೆ, ಹಣ್ಣಾದ ಟೊಮೇಟೊ ಬಣ್ಣಕ್ಕೆ ತಿರುಗಿದರೆ ಮೋಟರುಗಳಿಗೆ ಬಿಡುವ ತ್ರೀ ಫೇಸ್ ಕರೆಂಟು ಬಂದಿದೆ, ಸುತ್ತಲಿನ ತೆಂಗಿನ ತೋಟಗಳ ಬೋರ್‌ವೆಲ್ಲುಗಳೆಲ್ಲ ಒಟ್ಟಿಗೆ ಎದ್ದು ವೋಲ್ಟೇಜು ಕುಗ್ಗಿಸಿವೆ. ಯಾರೂ ಹೋಗಿ ಸ್ವಿಚ್ ಒತ್ತುತ್ತಿರಲಿಲ್ಲ. ಎಲ್ಲರ ಸ್ಟಾರ್ಟರಿಗೂ ಒಂದು ಆಟೋ ಜೋಡಿಸಿರುತ್ತಿದ್ದರು; ಕರೆಂಟು ಬಂದ ಕೂಡಲೇ ಮೋಟರು ತಾನೇ ಶುರುವಾಗುತ್ತಿತ್ತು. ಆ ಹೊತ್ತಿನಲ್ಲಿ ಚಟ್ನಿ ರುಬ್ಬಲು ಹೋದರೆ ಮಿಕ್ಸಿ ಮುಲುಗುತ್ತಿತ್ತು, ಅಮ್ಮ ಬೈದುಕೊಂಡು ಒರಳಿನ ಹತ್ತಿರ ಹೋಗುತ್ತಿದ್ದಳು.

ಅದು ಅವರೆಕಾಯಿ ಕಾಲ. ಇಡೀ ಬೀದಿಗೆ ಬೀದಿಯೇ ಸೊಗಡಿನ ವಾಸನೆ. ನಾನು ಹತ್ತನೇ ಕ್ಲಾಸಿನಲ್ಲಿದ್ದೆ, ವಿಜ್ಞಾನದಲ್ಲಿ ಆಗತಾನೇ ವಿದ್ಯುತ್ತಿನ ಪಾಠ ಶುರುವಾಗಿತ್ತು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸು, ಎರಡನ್ನೂ ಗುಣಿಸಿದರೆ ಪವರು. ಎಷ್ಟು ಸುಲಭ! ಮನೆಯಲ್ಲಿದ್ದ ಎಲ್ಲ ಸಾಮಾನನ್ನೂ ತಿರುವಿ ಹಾಕಿ, ಹಿಂದೆ ಬರೆದಿದ್ದ ಅಂಕಿ ಓದಿ, ಸಿಕ್ಕಸಿಕ್ಕವರಿಗೆ ಉತ್ತರ ಹೇಳಿಕೊಂಡು ಓಡಾಡುತ್ತಿದ್ದೆ. ಅಪ್ಪ ಅರಸೀಕೆರೆಯ ಆಫೀಸಿಗೆ ಬಸ್ಸು ಹತ್ತಿದ ಮೇಲೆ, ಅಮ್ಮ ಅಂಗನವಾಡಿಗೆ ಹೊರಟ ಮೇಲೆ, ಅದನ್ನೆಲ್ಲ ಕೇಳಿಸಿಕೊಳ್ಳುವ ಪಾಡು ಅಜ್ಜಿಗೆ ಬರುತ್ತಿತ್ತು. ಅಜ್ಜಿ ಎಂದರೆ ಅಪ್ಪನ ತಾಯಿ. ಅವರೆಕಾಳು ಹಿತುಕುತ್ತಾ ಕೂತು, ‘ಊಂ, ಊಂ’ ಎನ್ನುತ್ತಾ, ಕೊನೆಗೆ ‘ಸರಿ, ಈಗ ಸಿಪ್ಪೆ ತಗಂಡೋಗಿ ಎಮ್ಮೇಗೆ ಹಾಕು’ ಎನ್ನುವಳು.

ಅಜ್ಜಿಯ ತವರು ಹಳೇಬೀಡಿನ ಕೆರೆಯ ಆಚೆಗಿನ ಒಂದು ಹಳ್ಳಿ. ಅವಳು ತವರಿಗೆ ಹೋಗಿ ಹೊರಡುವಾಗಲೆಲ್ಲ ಅವಳ ತಮ್ಮ ಮಡಿಲಕ್ಕಿಯ ಜೊತೆಗೆ ಒಂದು ಎಳೆಯ ಹೇಂಟೆಯನ್ನೂ ಬುಟ್ಟಿಯಲ್ಲಿಟ್ಟು ಕೊಡುತ್ತಿದ್ದ. ಅದು ಅವರ ಮನೆಯಲ್ಲಿ ಮಾತ್ರ ಇದ್ದ ಪದ್ಧತಿ. ಅಕ್ಕ ಬರಿ ಅಕ್ಕಿ ಹೊತ್ತು ಹೋಗಬಾರದಂತೆ, ಜೊತೆಗೆ ಒಂದು ಜೀವ ಹೋಗಬೇಕಂತೆ. ಕೊನೆಯ ಸಲ ಕೊಟ್ಟಿದ್ದು ಒಂದು ಕರಿ ಹೇಂಟೆ. ಅದು ನಮ್ಮ ಮನೆಗೆ ಬಂದು ವರ್ಷ ತುಂಬುವುದರೊಳಗೆ ಆ ತಮ್ಮ ತೀರಿಹೋದ. ಅಜ್ಜಿ ಆಮೇಲೆ ತವರಿನ ಕಡೆ ತಲೆ ಹಾಕಲಿಲ್ಲ. ಹೇಂಟೆಗೆ ಮಾತ್ರ ತನ್ನ ಮುದ್ದೆಯಲ್ಲಿ ಮೊದಲ ತುತ್ತು ಮುರಿದು ಹಾಕುತ್ತಿದ್ದಳು.

ಆ ಕರಿ ಹೇಂಟೆ ಆ ಚಳಿಗಾಲದಲ್ಲಿ ಮೊದಲ ಸಲ ಕಾವಿಗೆ ಕೂತಿತ್ತು. ಅಜ್ಜಿ ಪ್ರತಿ ಮೊಟ್ಟೆಗೂ ಇದ್ದಲಿನಲ್ಲಿ ಒಂದು ಗೆರೆ ಎಳೆದು ಮಂಕರಿ ಬುಟ್ಟಿಯಲ್ಲಿ ಜೋಡಿಸಿದ್ದಳು. ಕಾವು ಅರ್ಧ ಮುಗಿದಿರಬೇಕು, ಒಂದು ಸಂಜೆ ಹೇಂಟೆ ಕಾಳು ತಿನ್ನಲು ಇಳಿದು ಹಿತ್ತಿಲಿಗೆ ಹೋಗಿದ್ದೇ ತಡ, ನಾಯಿ ಹಿಡಿಯಿತು. ನಾವು ಕೂಗುತ್ತಾ ಓಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸತ್ತ ಕೋಳಿಯನ್ನು ಅಡಿಗೆಗೆ ತರಲು ಅಜ್ಜಿ ಬಿಡಲಿಲ್ಲ. ತೆಂಗಿನ ಬುಡದಲ್ಲಿ ತಾನೇ ಗುಂಡಿ ತೋಡಿ ಹೂತಳು. ಕೈ ತೊಳೆದು ಬಂದು ಮಂಕರಿಯ ಮುಂದೆ ಕುಕ್ಕರಿಸಿ, ಒಂದು ಮೊಟ್ಟೆ ಎತ್ತಿ ಕಣ್ಣು ಮುಚ್ಚಿ ರೆಪ್ಪೆಗೆ ಮುಟ್ಟಿಸಿಕೊಂಡಳು.

‘ಇನ್ನೂ ಬೆಚ್ಚಗೈತೆ. ಒಳಗೆ ಜೀವ ಕೂತೈತೆ ಕಣೇ. ನಾನೇನ್ ಮಾಡ್ಲಿ ಈಗ?’

ಅಜ್ಜಿ ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ಅವಳಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲವೆಂದೇ ನನ್ನ ಲೆಕ್ಕ. ಬೀದಿಯಲ್ಲೆಲ್ಲ ವಿಚಾರಿಸಿ ಬಂದೆವು, ಯಾರ ಮನೆಯಲ್ಲೂ ಕಾವಿಗೆ ಕೂತ ಹೇಂಟೆ ಇರಲಿಲ್ಲ. ಬಸ್ಸಿನಲ್ಲಿ ಹೋಗುವಾಗ ದಾರಿಯ ಕೋಳಿ ಫಾರಂನಲ್ಲಿ ಮರಿಗಳು ಬಲ್ಬಿನ ಕೆಳಗೆ ಗುಂಪುಗೂಡಿ ನಿಂತಿದ್ದನ್ನು ನಾನು ನೋಡಿದ್ದೆ.

‘ಅಜ್ಜಿ, ಬಲ್ಬು ಹಾಕಿ ಮರಿ ಮಾಡ್ಸಾಣ’ ಎಂದೆ.

‘ಬಲ್ಬು ಬಂದು ಮೊಟ್ಟೆ ಮ್ಯಾಲೆ ಕೂತ್ಕತದಾ?’ ಎಂದಳು ಅಜ್ಜಿ. ಆದರೆ ಬೇಡ ಎನ್ನಲಿಲ್ಲ.

ಟೀವಿ ಬಂದಿದ್ದ ರಟ್ಟಿನ ಪೆಟ್ಟಿಗೆ ಅಟ್ಟದ ಮೇಲಿತ್ತು. ಅಪ್ಪ ಆಫೀಸಿನಿಂದ ಬಂದವನೇ ಷರ್ಟೂ ಬಿಚ್ಚದೆ ಹೋಲ್ಡರಿಗೆ ವೈರು ಸಿಕ್ಕಿಸಿ, ಅರವತ್ತು ವ್ಯಾಟಿನ ಬಲ್ಬನ್ನು ಪೆಟ್ಟಿಗೆಯ ಒಳಗೆ ತೂಗುಬಿಟ್ಟ. ಈಗಿನ ಎಲ್‌ಇಡಿ ಮಾತ್ರ ಕಂಡ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು: ಆ ಬಲ್ಬುಗಳು ಬೆಳಕಿಗಿಂತ ಶಾಖವನ್ನೇ ಹೆಚ್ಚು ಕೊಡುತ್ತಿದ್ದವು, ಮುಟ್ಟಿದರೆ ಚುರ್ ಎನ್ನುತ್ತಿತ್ತು. ಹುಲ್ಲು ಹಾಸಿದೆವು. ಅಜ್ಜಿ ಒಂದು ಬಟ್ಟಲು ನೀರಿಟ್ಟಳು. ಹೇಂಟೆಯ ಹೊಟ್ಟೆ ಬರಿ ಬಿಸಿಯಲ್ಲ, ಪಸೆಯೂ ಇರುತ್ತದಂತೆ. ರಾತ್ರಿ ಊಟದ ಹೊತ್ತಿಗೆ ಒಂದು ಮೊಟ್ಟೆ ಎತ್ತಿ ರೆಪ್ಪೆಗೆ ಮುಟ್ಟಿಸಿಕೊಂಡು ತಲೆದೂಗಿದಳು.

‘ಪರ್ವಾಗಿಲ್ಲ ಕಣೇ ನಿನ್ ಬಲ್ಬು. ತಾಯಿ ಹೊಟ್ಟೆ ಹಂಗೇ ಐತೆ.’

ನನಗೆ ಅಂದು ಒಂದು ಮುದ್ದೆ ಹೆಚ್ಚೇ ಸೇರಿತು.

ಮರುದಿನ ಸ್ಕೂಲಿನಿಂದ ಊಟಕ್ಕೆ ಓಡಿ ಬಂದರೆ ಅಜ್ಜಿ ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿ, ಅದರ ಮೇಲೆ ತನ್ನ ಸೆರಗನ್ನೂ ಹರಡಿಕೊಂಡು ಕೂತಿದ್ದಳು. ‘ತಣ್ಣಗಾಗೋಗ್ಯವೆ’ ಎಂದಳು. ಬಲ್ಬು ಉರಿಯುತ್ತಿತ್ತು, ಆದರೆ ಕೆಂಪಗೆ. ಹೊರಗೆ ಕಾಲುವೆಗಳಲ್ಲಿ ನೀರು ಜುಳುಜುಳು ಎನ್ನುತ್ತಿತ್ತು.

‘ಇದು ಅರವತ್ತು ವ್ಯಾಟು ಅಜ್ಜಿ. ನೋಡು, ಇಲ್ಲೇ ಬರ್ದೈತೆ.’

‘ಬರ್ದಿರೋದು ಗಾಜಿನ್ ಮ್ಯಾಲೆ. ಮೊಟ್ಟೆಗೆ ಓದಕ್ಕೆ ಬತ್ತದಾ?’

ನನಗೆ ಸಿಟ್ಟು ಬಂತು. ಅಜ್ಜಿಗೆ ಲೆಕ್ಕದಲ್ಲೇ ಉತ್ತರ ಕೊಡುತ್ತೇನೆ ಎಂದುಕೊಂಡೆ. ರೇಡಿಯೋ ಬಿಚ್ಚುವ ಹುಚ್ಚಿದ್ದ ಅಪ್ಪನ ಹತ್ತಿರ ಹಳದಿ ಬಣ್ಣದ ಒಂದು ಮಲ್ಟಿಮೀಟರ್ ಇತ್ತು. ಉರಿಯುವ ಬಲ್ಬಿಗೆ ಅದನ್ನು ರೆಸಿಸ್ಟೆನ್ಸಿಗಿಟ್ಟು ಮುಟ್ಟಿಸಿದರೆ ಮೀಟರು ಸುಟ್ಟುಹೋಗುತ್ತದೆ ಎಂದು ಅಪ್ಪ ಮೊದಲೇ ಎಚ್ಚರಿಸಿದ್ದ. ಅದಕ್ಕೇ ಸಂಜೆ ಬಲ್ಬು ಆರಿಸಿ, ಬಿಚ್ಚಿ, ತಣ್ಣಗಾದ ಮೇಲೆ ಅಳೆದೆ. ಅರವತ್ತೈದು ಓಮ್ ತೋರಿಸಿತು. ಇನ್ನೂರ ಮೂವತ್ತು ವೋಲ್ಟನ್ನು ಅರವತ್ತೈದರಿಂದ ಭಾಗಿಸಿದೆ, ಮೂರೂವರೆ ಆಂಪಿಯರ್ ಬಂತು. ಅದನ್ನು ಮತ್ತೆ ಇನ್ನೂರ ಮೂವತ್ತರಿಂದ ಗುಣಿಸಿದೆ. ಎಂಟುನೂರರ ಮೇಲೆ ವ್ಯಾಟು!

ಮತ್ತೆ ಮಾಡಿದೆ. ಮತ್ತೆ ಎಂಟುನೂರೇ. ನಮ್ಮ ಇಸ್ತ್ರಿಪೆಟ್ಟಿಗೆಯ ಹಿಂದೆ ಬರೆದಿದ್ದದ್ದು ಏಳುನೂರೈವತ್ತು. ಅಯ್ಯೋ ದೇವರೇ, ಹಾಗಾದರೆ ನಾನು ಅಜ್ಜಿಯ ಮೊಟ್ಟೆಗಳ ನೆತ್ತಿಯ ಮೇಲೆ ಇಸ್ತ್ರಿಪೆಟ್ಟಿಗೆ ತೂಗುಬಿಟ್ಟಿದ್ದೇನೆಯೇ? ಬಲ್ಬನ್ನು ಮತ್ತೆ ಸಿಕ್ಕಿಸುವ ಧೈರ್ಯವಾಗದೆ ಕೈಯಲ್ಲಿ ಹಿಡಿದುಕೊಂಡು ನಿಂತೆ. ಅಜ್ಜಿ ಹಾಲು ಕರೆದುಕೊಂಡು ಒಳಗೆ ಬಂದಳು.

‘ಯಾಕೇ ಕತ್ಲು ಮಾಡಿದೀಯ? ಆರ್ಸು ಅಂತ ಯಾರ್ ಹೇಳಿದ್ದು ನಿಂಗೆ?’

‘ಲೆಕ್ಕ ಹೇಳ್ತು ಅಜ್ಜಿ. ಮೊಟ್ಟೆ ಬೆಂದೋಗ್ತವಂತೆ.’

‘ನಿನ್ ಲೆಕ್ಕ ಕೈ ಮುಟ್ಟಿ ನೋಡ್ತಾ? ಇಲ್ಲಿ ಐಸ್‌ಕ್ಯಾಂಡಿ ಆಗ್ಯವೆ, ಬೇಯ್ತವಂತೆ ಇವಳ ತಲೆ! ಹಾಕೇ ಮೊದ್ಲು!’

ಹಾಕಿದೆ. ಆದರೆ ತಲೆ ಕೆಟ್ಟುಹೋಗಿತ್ತು. ಅಜ್ಜಿಯ ಕಣ್ರೆಪ್ಪೆ ತಣ್ಣಗಿದೆ ಎನ್ನುತ್ತದೆ, ಬಲ್ಬಿನ ಗಾಜು ಅರವತ್ತು ಎನ್ನುತ್ತದೆ, ನನ್ನ ಲೆಕ್ಕ ಎಂಟುನೂರು ಎನ್ನುತ್ತದೆ. ಮೂವರಲ್ಲಿ ಸುಳ್ಳು ಹೇಳುತ್ತಿರುವವರು ಯಾರು? ಗೆಳತಿಯರು ಕುಂಟೆಬಿಲ್ಲೆಗೆ ಕರೆದರೆ ಹೋಗಲಿಲ್ಲ. ಹಲ್ಲಿನೊಳಗೆ ಕಡಲೆ ಸಿಪ್ಪೆ ಸಿಕ್ಕಿಕೊಂಡರೆ ನಾಲಗೆ ಅಲ್ಲಿಗೇ ಹೋಗುತ್ತದಲ್ಲ, ಹಾಗೆ ನನ್ನ ಮನಸ್ಸು ಅಲ್ಲಿಗೇ ಹೋಗುತ್ತಿತ್ತು.

ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೇ ವಿಜ್ಞಾನದ ನಾಗರತ್ನಾ ಮೇಡಂ ಅವರನ್ನು ಸ್ಟಾಫ್ ರೂಮಿನ ಬಾಗಿಲಲ್ಲೇ ತಡೆದು ಎಲ್ಲ ಒದರಿದೆ. ಕೋಳಿ, ನಾಯಿ, ಅಜ್ಜಿಯ ತಮ್ಮ, ಇಸ್ತ್ರಿಪೆಟ್ಟಿಗೆ, ಒಂದನ್ನೂ ಬಿಡಲಿಲ್ಲ. ಮೇಡಂ ನಗಲಿಲ್ಲ.

‘ಅಳೆಯೋವಾಗ ಬಲ್ಬು ಉರೀತಿತ್ತಾ?’

‘ಇಲ್ಲ ಮೇಡಂ. ಬಿಚ್ಚಿ ಅಳೆದೆ.’

‘ಅಲ್ಲಮ್ಮ, ಒಬ್ಬ ಓಡೋವಾಗ ಎಷ್ಟು ಏದುಸಿರು ಬಿಡ್ತಾನೆ ಅಂತ ಅವನು ಮಲಗಿರೋವಾಗ ನೋಡಿದ್ರೆ ಗೊತ್ತಾಗುತ್ತಾ? ಒಳಗಿನ ತಂತಿ ಕಾದಾಗ ಅದರ ರೆಸಿಸ್ಟೆನ್ಸ್ ಹತ್ತು ಪಟ್ಟು ಮೇಲೆ ಹೋಗುತ್ತೆ. ಉರಿಯೋವಾಗ ಅದನ್ನ ನೇರ ಅಳೆಯೋಕಾಗಲ್ಲ. ವೋಲ್ಟೇಜ್ ಅಳಿ, ಕರೆಂಟ್ ಅಳಿ, ಭಾಗಿಸು. ಮತ್ತ್ಯಾಕೆ ಆ ಸೂತ್ರ ಹೇಳ್ಕೊಟ್ಟಿದ್ದು ನಾನು?’

ನನಗೆ ಮೈ ಜುಮ್ ಎಂದಿತು. ಸೂತ್ರ ಎನ್ನುವುದು ಪರೀಕ್ಷೆಗೆ ಇರುವಂಥದ್ದು ಎಂದುಕೊಂಡಿದ್ದೆ. ಮುಟ್ಟಲಾಗದ್ದನ್ನು ತಿಳಿಯಲು ಯಾರೋ ಕಂಡುಕೊಂಡ ಉಪಾಯ ಅದು ಎಂದು ಅಂದು ಗೊತ್ತಾಯಿತು.

ಮಧ್ಯಾಹ್ನ ಕೊನೆಯ ಪೀರಿಯಡ್ ಬಿಡುವಿದ್ದದ್ದರಿಂದ ಮೇಡಂ ಹೆಡ್‌ಮಾಸ್ಟರಿಗೆ ಹೇಳಿ, ಲ್ಯಾಬಿನ ಮೀಟರುಗಳನ್ನು ಚೀಲದಲ್ಲಿ ಹಾಕಿಕೊಂಡು ನನ್ನ ಜೊತೆ ಮನೆಗೇ ಬಂದರು. ಅಜ್ಜಿ ಗಡಿಬಿಡಿಯಿಂದ ಚಾಪೆ ಹಾಸಿದಳು. ‘ಕೈ ಹಿಂದೆ ಕಟ್ಕೊಂಡು ನಿಂತ್ಕೊ. ಇದು ಮನೆ ಕರೆಂಟು, ಹುಡುಗಾಟ ಅಲ್ಲ’ ಎಂದು ನನಗೆ ಗದರಿಸಿ, ಮೇನ್ ಆರಿಸಿ, ಬಲ್ಬಿನ ವೈರಿಗೆ ಮೀಟರು ಜೋಡಿಸಿ, ಮತ್ತೆ ಮೇನ್ ಹಾಕಿದರು. ಬಲ್ಬು ಕೆಂಪಗೆ ಹತ್ತಿಕೊಂಡಿತು. ವೋಲ್ಟೇಜು ನೂರ ಅರವತ್ತು. ಕರೆಂಟು ಆಂಪಿಯರಿನಲ್ಲಿ ಸೊನ್ನೆ ಬಿಂದು ಎರಡು ಒಂದು.

‘ಗುಣಿಸು’ ಎಂದರು.

‘ಮೂವತ್ತಮೂರೂವರೆ ಚಿಲ್ಲರೆ ಮೇಡಂ!’

‘ನೋಡಿದ್ರಾ ಅಜ್ಜಿ’ ಎಂದು ಮೇಡಂ ಆ ಕಡೆ ತಿರುಗಿದರು. ‘ಅರವತ್ತು ಅಂತ ಬರ್ಕೊಂಡಿದೆ, ಕೊಡ್ತಾ ಇರೋದು ಹೆಚ್ಚುಕಮ್ಮಿ ಅರ್ಧ. ನೀವು ಹೇಳಿದ್ದು ಸರಿ, ತಣ್ಣಗೇ ಆಗಿವೆ.’

ಅಜ್ಜಿ ನನ್ನತ್ತ ಒಂದು ನೋಟ ಬಿಟ್ಟಳು. ಬೈದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಮೋಟರು ನಿಲ್ಲುವ ಹೊತ್ತಿನವರೆಗೆ ಮೇಡಂ ಕಾದರು. ಹಿತಕಿದ ಬೇಳೆ ಸಾರೂ ಅಕ್ಕಿ ರೊಟ್ಟಿಯೂ ತಿಂದರು. ತಿನ್ನುತ್ತಿದ್ದಂತೆಯೇ ಬಲ್ಬು ಇದ್ದಕ್ಕಿದ್ದಂತೆ ಬೆಳ್ಳಗಾಯಿತು. ಎಂಜಲು ಕೈಯಲ್ಲೇ ಇಬ್ಬರೂ ಮೀಟರಿನ ಹತ್ತಿರ ಬಗ್ಗಿದೆವು. ಇನ್ನೂರ ಮೂವತ್ತು ವೋಲ್ಟು, ಸೊನ್ನೆ ಬಿಂದು ಎರಡು ಆರು. ಗುಣಿಸಿದರೆ ಅರವತ್ತಕ್ಕೆ ಚೂರೇ ಕಡಿಮೆ. ಭಾಗಿಸಿದರೆ ಎಂಟುನೂರ ಎಂಬತ್ತೈದು ಓಮಿನ ಹತ್ತಿರ. ಕೆಂಪಗಿದ್ದಾಗಿನ ಲೆಕ್ಕವನ್ನೂ ಭಾಗಿಸಿ ನೋಡಿದರೆ ಏಳುನೂರ ಅರವತ್ತು. ತಣ್ಣಗಿದ್ದಾಗ ಅರವತ್ತೈದು. ಒಂದೇ ಬಲ್ಬು, ಒಂದೇ ತಂತಿ, ಮೂರು ಉತ್ತರ, ಮೂರೂ ಸರಿ!

‘ನಾನು ಬೋರ್ಡ್ ಮೇಲೆ ವರ್ಷಾ ವರ್ಷಾ ರೆಸಿಸ್ಟೆನ್ಸ್ ಬದಲಾಗಲ್ಲ ಅಂದ್ಕೊಳ್ಳಿ ಅಂತ ಬರೀತೀನಿ ಕಣೇ’ ಎಂದು ಮೇಡಂ ಮಗುವಿನ ಹಾಗೆ ನಕ್ಕರು. ‘ಬದಲಾಗುತ್ತೆ ಅಂತ ಗೊತ್ತಿತ್ತು. ಕಣ್ಣಾರೆ ನೋಡಿರ್ಲಿಲ್ಲ.’ ಅವರ ಕಣ್ಣು ಹೊಳೆಯುತ್ತಿತ್ತು. ಟೀಚರುಗಳಿಗೂ ಹೀಗೆ ಖುಷಿಯಾಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಇನ್ನು ಉಳಿದದ್ದು ಹಗಲಿನ ಚಳಿಗೆ ಮದ್ದು. ದೊಡ್ಡ ಬಲ್ಬು ಹಾಕಿದರೆ ಮೋಟರು ನಿಂತ ಕೂಡಲೇ ಮೊಟ್ಟೆ ನಿಜಕ್ಕೂ ಬೇಯುತ್ತದೆ. ಇನ್ನೊಂದು ಅರವತ್ತರ ಬಲ್ಬನ್ನು ಸೇರಿಸಿ, ಬೇಕಾದಾಗ ಮಾತ್ರ ಹಾಕುವುದು ಎಂದಾಯಿತು. ನಾನು ಜಾಣೆಯ ಹಾಗೆ, ದೀಪಾವಳಿಯ ಸೀರಿಯಲ್ ಸೆಟ್ಟಿನಂತೆ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟೋಣ ಎಂದೆ. ‘ಲೆಕ್ಕ ಹಾಕಿ ಆಮೇಲೆ ಬಾಯಿ ಬಿಡು’ ಎಂದರು ಮೇಡಂ. ಹಾಕಿದೆ. ರೆಸಿಸ್ಟೆನ್ಸು ಎರಡರಷ್ಟಾಯಿತು, ಕರೆಂಟು ಅರ್ಧವಾಯಿತು, ಎರಡೂ ಬಲ್ಬು ಸೇರಿ ಹದಿನೇಳು ವ್ಯಾಟು; ತಂತಿ ಅಷ್ಟು ಕಾಯದೆ ರೆಸಿಸ್ಟೆನ್ಸು ಚೂರು ಇಳಿದರೂ ಇಪ್ಪತ್ತೈದು ದಾಟದು! ಬಾಯಿ ಮುಚ್ಚಿಕೊಂಡೆ. ಕೊನೆಗೆ ಅಪ್ಪ ಬಂದ ಮೇಲೆ ಎರಡನೆಯದಕ್ಕೆ ಬೇರೆಯೇ ವೈರು ಎಳೆದು ಬೇರೆ ಸ್ವಿಚ್ ಕೊಟ್ಟ. ಕೆಂಪಗಿರುವಾಗ ಎರಡೂ ಸೇರಿ ಅರವತ್ತೇಳು; ಚೂರು ಹೆಚ್ಚಾದರೆ ಮುಚ್ಚಳ ಬೆರಳಗಲ ತೆರೆದಿಡುವುದು.

‘ಯಾವಾಗ ಹಾಕ್ಬೇಕು, ಯಾವಾಗ ಆರ್ಸ್ಬೇಕು, ಅದೊಂದ್ ಹೇಳ್ಬುಡಿ ಮೇಡಮ್ಮೋರೆ’ ಎಂದು ಮೇಡಂ ಹೊರಡುವಾಗ ಅಜ್ಜಿ ಕೇಳಿದ್ದಳು.

‘ಬಲ್ಬು ಕೆಂಪಗಾದ್ರೆ ಇನ್ನೊಂದು ಹಾಕಿ. ಬೆಳ್ಳಗಾದ್ರೆ ಆರಿಸಿ. ಅಷ್ಟೇ.’

ಆಮೇಲಿನ ದಿನಗಳಲ್ಲಿ ನಾನು ಸ್ಕೂಲಿಗೆ ಹೋದರೂ ಜೀವವೆಲ್ಲ ಮನೆಯಲ್ಲೇ. ಅಜ್ಜಿ ಪೆಟ್ಟಿಗೆಯ ಪಕ್ಕದಿಂದ ಅಲುಗುತ್ತಿರಲಿಲ್ಲ. ಅವರೆಕಾಯಿ ಅಲ್ಲೇ ಸುಲಿದಳು, ಎಲೆಯಡಿಕೆ ಅಲ್ಲೇ ಹಾಕಿದಳು, ಬಂದವರನ್ನು ಅಲ್ಲಿಂದಲೇ ಮಾತಾಡಿಸಿ ಕಳಿಸಿದಳು. ಇದ್ದಲಿನ ಗೆರೆ ನೋಡಿಕೊಂಡು ಮೊಟ್ಟೆಗಳನ್ನು ಹೊರಳಿಸುವುದು ಒಂದು ಕೆಲಸ, ಬಲ್ಬಿನ ಬಣ್ಣ ಕಾಯುವುದು ಇನ್ನೊಂದು. ‘ಏನವ್ವಾ, ಬಾಣಂತನವಾ?’ ಎಂದು ಬೀದಿಯ ಹೆಂಗಸರು ಕಿಚಾಯಿಸಿದರೆ, ‘ಹೂಂ ಕಣ್ರವ್ವ, ನನ್ ತಮ್ಮಂದು’ ಎನ್ನುತ್ತಿದ್ದಳು.

ಒಂದು ದಿನ ಮಧ್ಯಾಹ್ನ ಕರೆಂಟು ಪೂರಾ ಹೋಯಿತು. ಎಲ್ಲೋ ತಂತಿ ಬಿದ್ದಿತ್ತಂತೆ. ಸ್ಕೂಲಿನ ಟ್ಯೂಬ್‌ಲೈಟು ಆರಿದ್ದನ್ನು ಕಂಡಿದ್ದ ನಾನು, ಬೆಲ್ಲು ಹೊಡೆದ ಕೂಡಲೇ ಚೀಲ ಹೊತ್ತು ಓಡಿದೆ. ಪೆಟ್ಟಿಗೆ ಖಾಲಿ! ಅಜ್ಜಿ ಒಲೆಯ ಪಕ್ಕ ಗೋಡೆಗೊರಗಿ, ಕಂಬಳಿ ಸುತ್ತಿಕೊಂಡು, ಕದಲದೆ ಕೂತಿದ್ದಳು. ಕಂಬಳಿಯೊಳಗೆ, ಸೆರಗಿನ ಮಡಿಲಲ್ಲಿ, ಹೊಟ್ಟೆಗೆ ಒತ್ತಿಕೊಂಡಂತೆ ಮೊಟ್ಟೆಗಳೆಲ್ಲ ಇದ್ದವು.

‘ಎಷ್ಟೊತ್ತಿಂದ ಹಿಂಗೆ ಕೂತಿದೀಯ ಅಜ್ಜಿ? ಊಟ ಮಾಡಿದ್ಯಾ?’

‘ಸುಮ್ಕಿರು. ಮಾತಾಡಿಸ್ಬ್ಯಾಡ, ಅಲುಗ್ತವೆ.’

ಮುದ್ದೆ ತಂದು ನಾನೇ ಮುರಿದು ಬಾಯಿಗೆ ಕೊಟ್ಟೆ. ಕರೆಂಟು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೂ ಅವಳು ಎದ್ದೇಳಲಿಲ್ಲ. ಎದ್ದಾಗ ಕಾಲು ಜೋಮು ಹಿಡಿದು, ಅಪ್ಪ ಎತ್ತಿ ನಿಲ್ಲಿಸಬೇಕಾಯಿತು. ನನಗೆ ಆಗ ಭಯವಾಯಿತು. ಇಷ್ಟು ಮಾಡಿಯೂ ಮರಿ ಬಾರದಿದ್ದರೆ ಅಜ್ಜಿ ಏನಾಗುತ್ತಾಳೋ ಎಂಬ ಭಯ.

ಆಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವಳನ್ನು ಅಜ್ಜಿ ಕೈಸನ್ನೆ ಮಾಡಿ ಕರೆದಳು. ಪೆಟ್ಟಿಗೆಯೊಳಗೆ ಟಕ್, ಟಕ್. ಒಂದು ಮೊಟ್ಟೆಯಲ್ಲಿ ಕೂದಲೆಳೆಯಂಥ ಬಿರುಕು. ಸಿಪ್ಪೆ ಬಿಡಿಸಿ ಸಹಾಯ ಮಾಡೋಣ ಎಂದು ಕೈ ಹಾಕಿದರೆ ಪಟ್ ಎಂದು ಏಟು ಬಿತ್ತು. ‘ಅದೇ ಬರ್ಬೇಕು. ನಾವು ಬಿಡಿಸಿದ್ದು ಬದುಕಲ್ಲ.’ ಅಂದು ಸ್ಕೂಲಿಗೆ ಚಕ್ಕರ್ ಹೊಡೆದೆ, ಯಾರೂ ಬೈಯಲಿಲ್ಲ. ಎಷ್ಟೋ ಮೊಟ್ಟೆ ಹಾಗೇ ಉಳಿದವು, ಬಿರಿಯಲೇ ಇಲ್ಲ. ಮೂರು ಬಿರಿದವು. ಮೊದಲೆರಡು ಕಂದು ಬಣ್ಣದವು. ಸಂಜೆಯ ಹೊತ್ತಿಗೆ ಬಂದ ಮೂರನೆಯದು ಒದ್ದೆ ಒದ್ದೆಯಾಗಿ, ಇದ್ದಲಿನಷ್ಟು ಕರ್ರಗೆ, ಹುಲ್ಲಿನ ಮೇಲೆ ಬಿದ್ದು ಎದ್ದು ಚಿಂವ್ ಎಂದಿತು.

ಅಜ್ಜಿ ಅದನ್ನು ಬೊಗಸೆಯಲ್ಲಿ ಎತ್ತಿಕೊಂಡು ಕೆನ್ನೆಗಾನಿಸಿಕೊಂಡಳು.

‘ಬಂದ್ಯೇನ್ಲಾ ತಮ್ಮಯ್ಯ’ ಎಂದಳು. ‘ಬಂದ್ಯೇನ್ಲಾ.’

ತಮ್ಮ ಸತ್ತಾಗಲೂ ಅವಳು ನಮ್ಮ ಮುಂದೆ ಅತ್ತಿರಲಿಲ್ಲ. ಅಂದು ಅತ್ತಳು. ನಾನೂ ಗೊಳೋ ಎಂದು ಅತ್ತೆ. ಖುಷಿಗೆ ಅಳು ಬರುತ್ತದೆ ಎಂಬುದು ನನಗೆ ಮೊದಲ ಸಲ ಗೊತ್ತಾದದ್ದು ಆಗಲೇ. ಮೇಡಂ ಮರುದಿನ ಬಂದು ನೋಡಿ, ಕ್ಲಾಸಿನಲ್ಲಿ ನನ್ನನ್ನೇ ಬೋರ್ಡಿನ ಹತ್ತಿರ ನಿಲ್ಲಿಸಿ ಮೂರು ಉತ್ತರಗಳ ಲೆಕ್ಕ ಹೇಳಿಸಿದರು. ಆ ಕರಿ ಮರಿ ದೊಡ್ಡ ಹೇಂಟೆಯಾಯಿತು. ಅದರ ಮರಿಗಳು, ಮರಿಮರಿಗಳು ನಮ್ಮ ಬೀದಿಯ ತುಂಬ ಹರಡಿಕೊಂಡವು. ಯಾರ ಮನೆಯ ಮಗಳು ಗಂಡನ ಮನೆಗೆ ಹೊರಟರೂ ಅಜ್ಜಿ ಬುಟ್ಟಿಯಲ್ಲಿ ಒಂದನ್ನು ಇಟ್ಟು ಕಳಿಸುತ್ತಿದ್ದಳು.

ನಾನು ಓದಲು ಹಾಸನಕ್ಕೆ ಹೋದೆ. ಈಗ ಬೇಲೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಹಾಸನದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ, ಒಂದು ಬೇಸಿಗೆಯಲ್ಲಿ ನಮ್ಮೂರಿಗೆ ಕೋಳಿರೋಗ ಬಂತು. ವಿಷಯ ತಿಳಿದು ನಾನು ಬರುವಷ್ಟರಲ್ಲಿ ಹಿತ್ತಿಲು ನಿಶ್ಶಬ್ದವಾಗಿತ್ತು. ಬೀದಿಯಲ್ಲಿ ಒಂದೂ ಉಳಿದಿರಲಿಲ್ಲ. ಹೊರಗೆ ಹೋದವೂ ಅಷ್ಟರಲ್ಲಿ ಎಲ್ಲೆಲ್ಲೋ ಸಾರಾಗಿ ಹೋಗಿದ್ದವು. ಅಜ್ಜಿ ಜಗಲಿಯ ಮೇಲೆ ಕೂತಿದ್ದಳು. ನಾನು ಪಕ್ಕ ಕೂತೆ. ಅವಳೇ ಮಾತು ತೆಗೆದಳು.

‘ಗೂಡು, ಬಣವೆ ಸಂದಿ, ಅಟ್ಟ, ಎಲ್ಲಾ ತಡಕಾಡ್ದೆ ಕಣ್ ಮಗಾ. ಎಲ್ಲಾದ್ರೂ ಒಂದೇ ಒಂದು ಮೊಟ್ಟೆ ಇಕ್ಕಿರ್ತವೇನೋ ಅಂತ. ಒಂದಿದ್ದಿದ್ರೆ ಸಾಕಿತ್ತು. ನೀನ್ ಬಂದು ಮಾಡ್ಬುಡ್ತಿದ್ದೆ.’

ಅವಳ ಕೈ ಹಿಡಿದುಕೊಂಡೆ, ಅಷ್ಟೇ. ಮುಂದಿನ ಅವರೆಕಾಯಿ ಕಾಲಕ್ಕೆ ಅಜ್ಜಿ ಇರಲಿಲ್ಲ.

ಈಗ ನನ್ನ ಲೆಕ್ಕಗಳು ತಪ್ಪುವುದು ಕಡಿಮೆ. ತರಗತಿಯಲ್ಲಿ ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ, ಪಾಸಾಗುತ್ತಾರೆ. ಆದರೆ ನಾನು ಬಂದರೆ ಸಾಕು, ಸತ್ತದ್ದೂ ಹುಟ್ಟಿಬರುತ್ತದೆ ಎಂದು ನಂಬಿ ಬಣವೆಯ ಸಂದಿಯಲ್ಲಿ ಕೈಯಾಡಿಸುವವರು ನನಗೆ ಈಗ ಯಾರೂ ಇಲ್ಲ.